ಸ್ಲ್ಯಾಬ್ ಕೊರೆಯುವ ಮುಂಚೆ ಅದರೊಳಗೆ ಇಣುಕುವುದು ಹೇಗೆ?

ಮೂರು ವರ್ಷದ ಹಿಂದೆ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಒಂದು ಟಾಯ್ಲೆಟ್ ಮಾಡಿಸಿದೆವು. ಪೈಪ್ ಇಳಿಸಲು ಸ್ಲ್ಯಾಬಿನಲ್ಲಿ ನಾಲ್ಕು ಇಂಚಿನ ತೂತು ಬೇಕು ಎಂದರು ಪ್ಲಂಬರ್. ಕೋರ್ ಕಟಿಂಗ್ ಮಾಡುವವರು ಬಂದರು. ಗೋಡೆಯಿಂದ ಟೇಪ್ ಹಿಡಿದು ಗುರುತು ಹಾಕಿದರು, ಮಿಷನ್ ನಿಲ್ಲಿಸಿದರು. ಸ್ವಲ್ಪ ಹೊತ್ತಿನಲ್ಲೇ ಕೆಲಸ ಮುಗಿಯಿತು. ಹೊರಗೆ ಬಂದ ಕಾಂಕ್ರೀಟಿನ ಉರುಳೆಯನ್ನು ನಲ್ಲಿ ಕೆಳಗೆ ಹಿಡಿದು ತೊಳೆದೆ. ಅದರ ಸುತ್ತ ನಾಲ್ಕು ಕಡೆ ಕಬ್ಬಿಣ ಫಳಫಳ ಹೊಳೆಯುತ್ತಿತ್ತು. ಎರಡು ಕಂಬಿಗಳು, ಒಂದರ ಮೇಲೊಂದು ಅಡ್ಡಡ್ಡ. ಎರಡೂ ತುಂಡಾಗಿದ್ದವು.

ತೂತು ಮೂರ್ನಾಲ್ಕು ಬೆರಳು ಆಚೆ ಇದ್ದಿದ್ದರೆ ಎರಡೂ ಉಳಿಯುತ್ತಿದ್ದವು. ಇದು ಹೊಟ್ಟೆ ಉರಿಗೆ ಹೇಳುವ ಮಾತಲ್ಲ, ಲೆಕ್ಕ. ನಮ್ಮ ಕಡೆ ಮನೆಗಳ ಮೋಲ್ಡಿಗೆ ಸಾಮಾನ್ಯವಾಗಿ 8 ಮಿಲಿಮೀಟರ್ ಕಂಬಿಯನ್ನು ಆರು ಇಂಚಿಗೆ ಒಂದರಂತೆ, ಅಂದರೆ 150 ಮಿಲಿಮೀಟರಿಗೆ ಒಂದರಂತೆ, ಎರಡೂ ದಿಕ್ಕಿನಲ್ಲಿ ಕಟ್ಟುತ್ತಾರೆ. ಅದರಲ್ಲಿ 100 ಮಿಲಿಮೀಟರ್ ಅಗಲದ ತೂತು ಹೊಡೆಯಬೇಕು. ಒಂದು ದಿಕ್ಕಿನ ಕಂಬಿ ತಪ್ಪಿಸಬೇಕೆಂದರೆ ತೂತಿನ ನಡುಮಧ್ಯ ಬರಬಹುದಾದ ಜಾಗ 150ರಲ್ಲಿ ಬರೀ 42 ಮಿಲಿಮೀಟರ್. ನೂರಕ್ಕೆ 28. ಎರಡೂ ದಿಕ್ಕು ತಪ್ಪಬೇಕೆಂದರೆ ನೂರಕ್ಕೆ ಎಂಟೂ ಬರುವುದಿಲ್ಲ. ಕಣ್ಣು ಮುಚ್ಚಿ ಹೊಡೆದ ನೂರು ತೂತುಗಳಲ್ಲಿ ತೊಂಬತ್ತೆರಡು ಕಂಬಿ ಕತ್ತರಿಸುತ್ತವೆ. ಆದರೆ ಕಂಬಿ ಎಲ್ಲಿದೆ ಎಂದು ಗೊತ್ತಿದ್ದರೆ, ಎಲ್ಲೇ ಗುರುತು ಹಾಕಿದ್ದರೂ ಒಂದೊಂದು ದಿಕ್ಕಿನಲ್ಲಿ ಆ ಕಡೆಗೋ ಈ ಕಡೆಗೋ ಹೆಚ್ಚೆಂದರೆ ಐದೂವರೆ ಸೆಂಟಿಮೀಟರ್ ಸರಿಸಿದರೆ ಸಾಕು. ಅಷ್ಟು ಸರಿಸಲು ಯಾವ ಪ್ಲಂಬರ್ ಬೇಡ ಅಂತಾರೆ?

ಆ ಐದು ಸೆಂಟಿಮೀಟರ್ ಹೇಳಿಕೊಡುವ ಯಂತ್ರ ಒಂದಿದೆ. ಹೆಸರು ಗ್ರೌಂಡ್ ಪೆನಿಟ್ರೇಟಿಂಗ್ ರಾಡಾರ್, ಸೈಟಿನಲ್ಲಿ ಜಿಪಿಆರ್ ಅಂತಾರೆ. ಆಟದ ಕಾರಿನಂತೆ ನಾಲ್ಕು ಚಕ್ರದ ಪುಟ್ಟ ಪೆಟ್ಟಿಗೆ, ಮೇಲೊಂದು ಪರದೆ. ನೆಲದ ಮೇಲೆ ತಳ್ಳಿಕೊಂಡು ಹೋದರೆ ಪರದೆಯ ಮೇಲೆ ಬೂದುಬಣ್ಣದ ಚಿತ್ರ ಮೂಡುತ್ತಾ ಹೋಗುತ್ತದೆ. ಇದನ್ನು ನೋಡಿದವರು ಎಕ್ಸ್-ರೇ ಅಂದುಕೊಳ್ಳುತ್ತಾರೆ. ಎಕ್ಸ್-ರೇ ಅಲ್ಲ. ಅದು ತೋರಿಸುವುದು ಕಂಬಿಯನ್ನಲ್ಲ, ಕಂಬಿಯಿಂದ ವಾಪಸ್ ಬಂದ ರೇಡಿಯೋ ಅಲೆಯನ್ನು. ಈ ವ್ಯತ್ಯಾಸ ಅರ್ಥವಾದರೆ ಜಿಪಿಆರ್ ಅರ್ಧ ಅರ್ಥವಾದ ಹಾಗೆ.

ಬಾವಿಗೆ ಹಾಕಿದ ಕಲ್ಲು

ಆಳ ಗೊತ್ತಿಲ್ಲದ ಬಾವಿಗೆ ಕಲ್ಲು ಹಾಕಿ, ಬುಳುಕ್ ಅನ್ನುವ ತನಕ ಎಣಿಸುತ್ತೇವೆ ಅಲ್ವಾ? ಜಾಸ್ತಿ ಹೊತ್ತು ಹಿಡಿದರೆ ಜಾಸ್ತಿ ಆಳ. ಜಿಪಿಆರ್ ಮಾಡುವುದೂ ಅದನ್ನೇ, ಕಲ್ಲಿನ ಬದಲು ರೇಡಿಯೋ ಅಲೆ ಹಾಕುತ್ತದೆ. ಪೆಟ್ಟಿಗೆಯ ಒಂದು ಆಂಟೆನಾ ಒಂದು ಸಣ್ಣ ಮಿಡಿತವನ್ನು ಕಾಂಕ್ರೀಟಿನೊಳಗೆ ಬಿಡುತ್ತದೆ. ಒಳಗೆ ವಸ್ತು ಬದಲಾದ ಜಾಗದಲ್ಲೆಲ್ಲ ಅದರ ಒಂದು ಪಾಲು ತಿರುಗಿ ಬರುತ್ತದೆ. ಇನ್ನೊಂದು ಆಂಟೆನಾ ಅದನ್ನು ಹಿಡಿದು, ಎಷ್ಟು ಹೊತ್ತು ಆಯಿತು ಎಂದು ಅಳೆಯುತ್ತದೆ.

ಹೊತ್ತು ಅಂದರೆ ಇಲ್ಲಿ ನ್ಯಾನೋಸೆಕೆಂಡ್, ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಗಾಳಿಯಲ್ಲಿ ರೇಡಿಯೋ ಅಲೆ ಒಂದು ನ್ಯಾನೋಸೆಕೆಂಡಿಗೆ 30 ಸೆಂಟಿಮೀಟರ್ ಓಡುತ್ತದೆ. ಕಾಂಕ್ರೀಟಿನಲ್ಲಿ ನಿಧಾನ. ಎಷ್ಟು ನಿಧಾನ ಎನ್ನುವುದನ್ನು ಡೈಎಲೆಕ್ಟ್ರಿಕ್ ಎಂಬ ಒಂದು ಅಂಕಿ ಹೇಳುತ್ತದೆ. ಗಾಳಿಗೆ ಅದು 1. ಚೆನ್ನಾಗಿ ಒಣಗಿದ ಕಾಂಕ್ರೀಟಿಗೆ ಸುಮಾರು 5, 6. ತೇವ ಇದ್ದರೆ 9, 10ರ ಆಸುಪಾಸು. ಬರೀ ನೀರಿಗೆ 80. ಈ ಅಂಕಿಯ ವರ್ಗಮೂಲದಿಂದ 30ನ್ನು ಭಾಗಿಸಿದರೆ ವೇಗ ಸಿಗುತ್ತದೆ. ಡೈಎಲೆಕ್ಟ್ರಿಕ್ 9 ಇದ್ದರೆ ವರ್ಗಮೂಲ 3, ವೇಗ ನ್ಯಾನೋಸೆಕೆಂಡಿಗೆ 10 ಸೆಂಟಿಮೀಟರ್. ಹತ್ತು ಸೆಂಟಿಮೀಟರ್ ಆಳದ ಕಂಬಿಯನ್ನು ಮುಟ್ಟಿ ಬರಲು ಎರಡು ನ್ಯಾನೋಸೆಕೆಂಡ್.

ಇಲ್ಲೊಂದು ಸೂಕ್ಷ್ಮ ಇದೆ. ಯಂತ್ರಕ್ಕೆ ಗೊತ್ತಿರುವುದು ಸಮಯ ಮಾತ್ರ. ಆಳ ಗೊತ್ತಿಲ್ಲ. ನಾವು ಹೇಳಿದ ವೇಗ ಹಿಡಿದು ಅದು ಆಳವನ್ನು ಲೆಕ್ಕ ಹಾಕುತ್ತದೆ. ತೇವವಿರುವ ಸ್ಲ್ಯಾಬನ್ನು ಒಣಗಿದೆ ಎಂದುಕೊಂಡು 6 ಅಂತ ಕೊಟ್ಟರೆ, 10 ಸೆಂಟಿಮೀಟರ್ ಆಳದ ಕಂಬಿ ಪರದೆಯಲ್ಲಿ 12 ಸೆಂಟಿಮೀಟರಿನಲ್ಲಿ ಕಾಣುತ್ತದೆ. ಅದನ್ನು ನಂಬಿಕೊಂಡು 11 ಸೆಂಟಿಮೀಟರ್ ಆಳಕ್ಕೆ ಆಂಕರ್ ಬೋಲ್ಟಿನ ತೂತು ಹೊಡೆದರೆ ಡ್ರಿಲ್ ಬಿಟ್ ನೇರವಾಗಿ ಕಂಬಿಗೆ ಗುದ್ದುತ್ತದೆ. ಅದಕ್ಕೇ ಅನುಭವ ಇರುವವರು ಮೊದಲು ಮೆಟ್ಟಿಲ ಹತ್ತಿರವೋ ಡಕ್ಟಿನ ಅಂಚಿನಲ್ಲೋ ಸ್ಲ್ಯಾಬಿನ ದಪ್ಪವನ್ನು ಟೇಪ್ ಹಿಡಿದು ಅಳೆಯುತ್ತಾರೆ. ಪರದೆಯಲ್ಲಿ ಸ್ಲ್ಯಾಬಿನ ತಳ ಅಷ್ಟೇ ಆಳದಲ್ಲಿ ಕಾಣುವ ತನಕ ಅಂಕಿಯನ್ನು ಹೊಂದಿಸುತ್ತಾರೆ.

ಕಮಾನು ಯಾಕೆ?

ಪರದೆಯಲ್ಲಿ ಕಂಬಿ ಚುಕ್ಕೆಯಾಗಿ ಕಾಣುವುದಿಲ್ಲ. ಕಮಾನಿನಂತೆ, ಬೋರಲು ಹಾಕಿದ ಬಟ್ಟಲಿನಂತೆ ಕಾಣುತ್ತದೆ. ಮೊದಲ ಸಲ ನೋಡಿದವರಿಗೆ ಇದೇ ದೊಡ್ಡ ಗೊಂದಲ. ದುಂಡಗಿನ ಸಣ್ಣ ಸರಳು, ಅಷ್ಟಗಲದ ಕಮಾನು ಹೇಗಾಯಿತು?

ಒಂದು ನೇರ ರಸ್ತೆ ಇದೆ ಅಂದುಕೊಳ್ಳಿ. ಪಕ್ಕದ ತೋಟದಲ್ಲಿ, ರಸ್ತೆಯಿಂದ ಹತ್ತು ಮೀಟರ್ ಒಳಗೆ, ಒಂಟಿ ತೆಂಗಿನ ಮರ. ನೀವು ರಸ್ತೆಯಲ್ಲಿ ನಡೆಯುತ್ತಾ ಹೆಜ್ಜೆ ಹೆಜ್ಜೆಗೂ ಮರಕ್ಕಿರುವ ದೂರ ಅಳೆಯುತ್ತೀರಿ. ಮರದ ನೇರಕ್ಕೆ ಬರಲು ಇನ್ನೂ 20 ಮೀಟರ್ ಇರುವಾಗ ದೂರ 22.4 ಮೀಟರ್. ಇನ್ನೂ 10 ಮೀಟರ್ ಇರುವಾಗ 14.1. ನೇರ ಎದುರಿಗೆ ಬಂದಾಗ 10. ದಾಟಿದ ಮೇಲೆ ಮತ್ತೆ 14.1, ಮತ್ತೆ 22.4. ಈಗ ಒಂದು ಕಾಗದದಲ್ಲಿ ರಸ್ತೆಯನ್ನು ಅಡ್ಡಗೆರೆಯಾಗಿ ಎಳೆಯಿರಿ. ನಿಂತ ಪ್ರತಿ ಜಾಗದಿಂದಲೂ ಅಳತೆ ಬಂದಷ್ಟು ಉದ್ದಕ್ಕೆ ನೇರ ಕೆಳಕ್ಕೆ ಗೆರೆ ಬಿಡಿ. ಗೆರೆಗಳ ತುದಿಗಳನ್ನು ಸೇರಿಸಿ. ಕಮಾನು ಬಂತು. ಮರ ಇರುವುದು ಕಮಾನಿನ ನೆತ್ತಿಯಲ್ಲಿ ಮಾತ್ರ. ಎರಡು ಕಡೆಯ ಕಾಲುಗಳು ಮರವಲ್ಲ, ಮರವನ್ನು ದೂರದಿಂದ ಓರೆಯಾಗಿ ನೋಡಿದ ಗುರುತು.

ಜಿಪಿಆರ್ ಅಲೆ ಟಾರ್ಚಿನ ಸಣ್ಣ ಕಿರಣದಂತೆ ನೆಟ್ಟಗೆ ಕೆಳಗೆ ಹೋಗುವುದಿಲ್ಲ. ಬೀಸಣಿಗೆಯಂತೆ ಹರಡಿ ಹೋಗುತ್ತದೆ. ಹಾಗಾಗಿ ಪೆಟ್ಟಿಗೆ ಕಂಬಿಯ ಮೇಲೆ ಬರುವ ಮುಂಚೆಯೇ ಕಂಬಿ ಅದಕ್ಕೆ ಸಿಗುತ್ತದೆ, ದಾಟಿದ ಮೇಲೂ ಸಿಗುತ್ತಿರುತ್ತದೆ. ನೆತ್ತಿ ಬಂದ ಜಾಗದಲ್ಲಿ ನೆಲದ ಮೇಲೆ ಚಾಕ್‌ಪೀಸಿನಿಂದ ಗುರುತು ಹಾಕಬೇಕು. ಕಮಾನಿನ ಆಕಾರವೂ ಸುಮ್ನೆ ಬಂದದ್ದಲ್ಲ. ಅದರ ಕಾಲುಗಳು ಎಷ್ಟು ಅಗಲಕ್ಕೆ ಹರಡಿವೆ ಎನ್ನುವುದು ಅಲೆಯ ವೇಗದ ಮೇಲೆ ನಿಂತಿದೆ. ಪರದೆಯ ಮೇಲೆ ಒಂದು ಮಾದರಿ ಕಮಾನು ಇಟ್ಟು, ಕಂಡ ಕಮಾನಿಗೆ ಅದನ್ನು ಹೊಂದಿಸಿ ವೇಗ ಕಂಡುಹಿಡಿಯಬಹುದು. ಸ್ಲ್ಯಾಬಿನ ಅಂಚು ಎಲ್ಲೂ ಸಿಗದ ಕಡೆ ಇದೇ ದಾರಿ.

ಇನ್ನೊಂದು ಮಾತು. ಕಂಬಿಯ ಉದ್ದಕ್ಕೇ, ಅದರ ಮೇಲೆಯೇ ಪೆಟ್ಟಿಗೆ ತಳ್ಳಿದರೆ ಕಮಾನು ಬರುವುದೇ ಇಲ್ಲ. ದೂರ ಬದಲಾಗುವುದಿಲ್ಲವಲ್ಲ! ಚಪ್ಪಟೆ ಗೆರೆ ಬರುತ್ತದೆ, ಸ್ಲ್ಯಾಬಿನ ತಳದ ಗೆರೆಯ ಹಾಗೆಯೇ. ಅದಕ್ಕೆ ಒಂದೇ ದಿಕ್ಕಿನಲ್ಲಿ ತಳ್ಳಿ ಮುಗಿಸಿದ ಸ್ಕ್ಯಾನ್ ಅರ್ಧ ಸ್ಕ್ಯಾನ್. ನಾನು ನೋಡಿದ ಒಳ್ಳೆಯ ಆಪರೇಟರ್‌ಗಳು ತೂತು ಬೇಕಾದ ಜಾಗದ ಸುತ್ತ ಎರಡಡಿ ಚೌಕಕ್ಕೆ ಚೌಕುಳಿ ಗೆರೆ ಎಳೆಯುತ್ತಾರೆ. ಐದು ಅಥವಾ ಹತ್ತು ಸೆಂಟಿಮೀಟರಿಗೊಂದು ಸಾಲಿನಂತೆ ಉದ್ದಕ್ಕೂ ತಳ್ಳುತ್ತಾರೆ, ಅಡ್ಡಕ್ಕೂ ತಳ್ಳುತ್ತಾರೆ. ಎಲ್ಲ ಸಾಲು ಸೇರಿಸಿ ಯಂತ್ರ ಮೇಲಿನಿಂದ ನೋಡಿದಂತೆ ಒಂದು ನಕ್ಷೆ ಕೊಡುತ್ತದೆ. ನೋಡಲು ಚೆಂದ. ಆದರೆ ನಕ್ಷೆಗಿಂತ ಮೊದಲು ಒಂದೊಂದೇ ಸಾಲನ್ನು ಕಣ್ಣಿಟ್ಟು ಓದುವವರನ್ನೇ ನಾನು ಜಾಸ್ತಿ ನಂಬುತ್ತೇನೆ.

ವಾಪಸ್ ಬಂದ ಅಲೆ ಯಾವುದರಿಂದ ಬಂತು ಎಂದು ತಪ್ಪು ತಿಳಿದರೆ ಏನಾಗುತ್ತದೆ ಎನ್ನುವುದಕ್ಕೆ ಹಳೆಯ ಉದಾಹರಣೆ ಇದೆ. 1950ರ ದಶಕದಲ್ಲಿ ಗ್ರೀನ್‌ಲ್ಯಾಂಡಿನ ಮಂಜಿನ ಬಯಲಿನಲ್ಲಿ ಅಮೆರಿಕದ ಸೇನಾ ವಿಮಾನಗಳು ಇಳಿಯುವಾಗ ಎತ್ತರ ತಪ್ಪಿ ನೆಲಕ್ಕೆ ಅಪ್ಪಳಿಸಿದವು. ಎತ್ತರ ಅಳೆಯುವ ರೇಡಿಯೋ ಅಲೆ ಮಂಜುಗಡ್ಡೆಯನ್ನು ತೂರಿ ಒಳಗೆ ಹೋಗಿ ಬರುತ್ತಿತ್ತು. ಉಪಕರಣ ಅಳೆದ ಹೊತ್ತು ಸರಿ ಇತ್ತು, ಅದು ಮಂಜಿನ ಮೇಲ್ಮೈಯಿಂದ ಬಂದದ್ದು ಎನ್ನುವ ನಂಬಿಕೆ ತಪ್ಪಾಗಿತ್ತು. ನೆಲದೊಳಗೆ ಅಲೆ ಬಿಟ್ಟು ಹುಡುಕುವ ಯೋಚನೆ ಅದಕ್ಕೂ ಹಳೆಯದು. 1910ರಲ್ಲೇ ಜರ್ಮನಿಯಲ್ಲಿ ಲೈಂಬಾಖ್ ಮತ್ತು ಲೋವಿ ಇದಕ್ಕೆ ಪೇಟೆಂಟ್ ಪಡೆದಿದ್ದರು. 1929ರಲ್ಲಿ ಸ್ಟರ್ನ್ ಎಂಬವರು ಆಸ್ಟ್ರಿಯಾದ ಹಿಮನದಿಯೊಂದರ ಆಳವನ್ನು ಹೀಗೆ ಅಳೆದರು. 1972ರಲ್ಲಿ ಅಪೋಲೋ 17 ಇದೇ ಜಾತಿಯ ಉಪಕರಣವನ್ನು ಚಂದ್ರನ ಸುತ್ತ ಒಯ್ದಿತ್ತು.

ಆಳ ಬೇಕೋ, ವಿವರ ಬೇಕೋ

ರಸ್ತೆ ಅಗೆಯುವ ಮುಂಚೆ ನೀರಿನ ಪೈಪ್, ಕೇಬಲ್ ಹುಡುಕಲು ಮಗುವಿನ ತಳ್ಳುಗಾಡಿಯಂಥ ದೊಡ್ಡ ಜಿಪಿಆರ್ ತಳ್ಳುತ್ತಾರೆ. ಅದರಲ್ಲಿ 200ರಿಂದ 400 ಮೆಗಾಹರ್ಟ್ಸ್ ಅಲೆ. ಆಳಕ್ಕೆ ಹೋಗುತ್ತದೆ, ಆದರೆ ಸಣ್ಣದು ಅದಕ್ಕೆ ಕಾಣುವುದಿಲ್ಲ. ಕಾಂಕ್ರೀಟಿಗೆ ಬಳಸುವುದು ಸಾಮಾನ್ಯವಾಗಿ 1.6ರಿಂದ 2.6 ಗಿಗಾಹರ್ಟ್ಸ್, ಅಂದರೆ 1600ರಿಂದ 2600 ಮೆಗಾಹರ್ಟ್ಸ್. 1.6 ಗಿಗಾಹರ್ಟ್ಸ್ ಅಲೆ ಒಳ್ಳೆಯ ಒಣ ಕಾಂಕ್ರೀಟಿನಲ್ಲಿ ಸುಮಾರು ಒಂದೂವರೆ ಅಡಿ ತನಕ ನೋಡುತ್ತದೆ. ಮನೆಯ ಐದಾರು ಇಂಚಿನ ಸ್ಲ್ಯಾಬಿಗೆ ಅದು ಧಾರಾಳ.

ಆದರೆ ಅದರ ಕಣ್ಣು ಎಷ್ಟು ಚುರುಕು? ನಮ್ಮ ಆ ತೇವದ ಕಾಂಕ್ರೀಟಿನಲ್ಲಿ 1.6 ಗಿಗಾಹರ್ಟ್ಸ್ ಅಲೆಯ ಉದ್ದ ಆರು ಸೆಂಟಿಮೀಟರ್ ಚಿಲ್ಲರೆ. ಅಷ್ಟು ಉದ್ದದ ಅಲೆಗೆ 8 ಮಿಲಿಮೀಟರ್ ಕಂಬಿಗೂ 12 ಮಿಲಿಮೀಟರ್ ಕಂಬಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಲ್ಯಾಪಿಂಗ್ ಮಾಡಿದ ಕಡೆ, ಅಂದರೆ ಒಂದು ಕಂಬಿಯ ತುದಿಗೆ ಇನ್ನೊಂದನ್ನು ಪಕ್ಕಪಕ್ಕ ಜೋಡಿಸಿ ಕಟ್ಟಿದ ಕಡೆ, ಒತ್ತೊತ್ತಾಗಿ ಕೂತ ಎರಡು ಕಂಬಿ ಒಂದೇ ಕಮಾನಾಗಿ ಬರುತ್ತವೆ. ಆದ್ದರಿಂದ "ಇದು ಇಷ್ಟೇ ಎಂಎಂ ಕಂಬಿ" ಎಂದು ಬರೀ ಜಿಪಿಆರ್ ನೋಡಿ ಯಾರಾದರೂ ಹೇಳಿದರೆ ಒಪ್ಪಬೇಡಿ. ಮೇಲಿನ ಸಾಲಿನ ಕಂಬಿಯ ದಪ್ಪ ಅಂದಾಜು ಮಾಡಲು ಕವರ್ ಮೀಟರ್ ಎಂಬ ಬೇರೆ ಉಪಕರಣ ಇದೆ. ಅದು ಕೆಲಸ ಮಾಡುವುದು ಕಾಂತದ ತತ್ವದಿಂದ, ತೇವಕ್ಕೆ ಅಂಜುವುದಿಲ್ಲ. ಆದರೆ ಲೋಹ ಬಿಟ್ಟು ಇನ್ನೇನೂ ಅದಕ್ಕೆ ಕಾಣುವುದಿಲ್ಲ.

ಕಬ್ಬಿಣ ಅಲೆಯನ್ನು ಒಳಗೆ ಬಿಡುವುದೇ ಇಲ್ಲ, ಕನ್ನಡಿಯಂತೆ ತಿರುಗಿಸಿ ಕಳಿಸುತ್ತದೆ. ಅದಕ್ಕೇ ಕಂಬಿ ಅಷ್ಟು ಚೆನ್ನಾಗಿ ಕಾಣುವುದು. ಅದೇ ಕಾರಣಕ್ಕೆ ಕಂಬಿಯ ಕೆಳಗೆ ನೆರಳು ಬೀಳುತ್ತದೆ. ಮೇಲಿನ ಕಂಬಿಯ ನೇರ ಕೆಳಗೆ ಇನ್ನೊಂದು ಇದ್ದರೆ ಅದು ಅಡಗಿ ಕೂರುತ್ತದೆ. ಕಂಬಿಗಳು ತುಂಬ ಒತ್ತಾಗಿದ್ದರೆ, ಉದಾಹರಣೆಗೆ ಎರಡು ಇಂಚಿನ ಜಾಲರಿ ಇದ್ದರೆ, ಅದರ ಕೆಳಗಿನದೆಲ್ಲ ಮಸುಕು. ಹೊಸದಾಗಿ ಹಾಕಿದ ಕಾಂಕ್ರೀಟಿನಲ್ಲಿ ನೀರು ಇನ್ನೂ ಜಾಸ್ತಿ ಇರುತ್ತದೆ, ಅಲೆಯನ್ನು ಹೀರಿಕೊಳ್ಳುತ್ತದೆ. ಕ್ಯೂರಿಂಗ್ ಈಗ ತಾನೇ ಮುಗಿದ ಸ್ಲ್ಯಾಬಿನಲ್ಲಿ ಚಿತ್ರ ಚೆನ್ನಾಗಿ ಬರುವುದಿಲ್ಲ, ವಾರಗಟ್ಟಲೆ ಕಾಯಬೇಕು.

ಒಳಗಿನ ಪೊಳ್ಳು ಜಾಗವೂ ಕಾಣುತ್ತದೆ, ಬೇರೆ ರೀತಿಯಲ್ಲಿ. ಕಾಂಕ್ರೀಟಿನಿಂದ ಲೋಹಕ್ಕೆ ಬಡಿದ ಅಲೆ ತಲೆಕೆಳಗಾಗಿ ವಾಪಸ್ ಬರುತ್ತದೆ. ಗಾಳಿಗೆ ಬಡಿದ ಅಲೆ ಹಾಗೇ ಬರುತ್ತದೆ. ಪರದೆಯಲ್ಲಿ ಒಂದು ಕಡೆ ಕಪ್ಪು-ಬಿಳಿ-ಕಪ್ಪು ಇದ್ದರೆ ಇನ್ನೊಂದು ಕಡೆ ಬಿಳಿ-ಕಪ್ಪು-ಬಿಳಿ. ಪಳಗಿದ ಕಣ್ಣು ಇದನ್ನು ಗುರುತಿಸುತ್ತದೆ.

ಕರೆಂಟ್ ಪೈಪಿನ ವಿಷಯ

ನಮ್ಮ ಮನೆಗಳಲ್ಲಿ ಕಂಬಿಗಿಂತ ಜಾಸ್ತಿ ತೊಂದರೆ ಕೊಡುವುದು ಸ್ಲ್ಯಾಬಿನೊಳಗಿನ ಪಿವಿಸಿ ಪೈಪ್. ಮೋಲ್ಡ್ ಹಾಕುವ ಹಿಂದಿನ ದಿನ ಎಲೆಕ್ಟ್ರಿಷಿಯನ್ ಬಂದು ಫ್ಯಾನ್ ಬಾಕ್ಸಿನಿಂದ ಗೋಡೆಯ ಬೋರ್ಡಿನ ಕಡೆಗೆ ಪೈಪ್ ಎಳೆದು ಕಂಬಿಗೆ ಕಟ್ಟುತ್ತಾರೆ. ಕಂಬಿಯಂತೆ ಸಾಲಿನಲ್ಲಿ ಇರುವುದಿಲ್ಲ. ಓರೆಯಾಗಿ, ಹತ್ತಿರದ ದಾರಿ ಹಿಡಿದು ಹೋಗಿರುತ್ತದೆ.

ಪ್ಲಾಸ್ಟಿಕ್ ರಾಡಾರಿಗೆ ಅಷ್ಟಾಗಿ ಕಾಣದು. ಕಂಡರೆ ಅದರೊಳಗಿನ ಗಾಳಿ ಅಥವಾ ತಾಮ್ರದ ವೈರ್ ಕಾಣಬೇಕು. ಕಂಬಿಗೆ ಅಂಟಿಕೊಂಡೇ ಓಡಿದ ತೆಳು ಪೈಪ್ ಕಂಬಿಯ ಕಮಾನಿನಲ್ಲಿ ಮುಚ್ಚಿಹೋಗಬಹುದು. ಕಂಡ ವೈರಿನಲ್ಲಿ ಕರೆಂಟ್ ಇದೆಯೋ ಇಲ್ಲವೋ ಎನ್ನುವುದಂತೂ ಜಿಪಿಆರ್‌ಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಮನೆಯ ಕರೆಂಟಿನ 50 ಹರ್ಟ್ಸ್ ಮಿಡಿತ ಹಿಡಿಯುವ ಇನ್ನೊಂದು ಸೆನ್ಸರ್ ಬೇಕು. ಕೆಲವು ಯಂತ್ರಗಳಲ್ಲಿ ಅದೂ ಒಟ್ಟಿಗೇ ಇರುತ್ತದೆ. ಅದನ್ನು ಓಡಿಸುವಾಗ ಮನೆಯ ಫ್ಯಾನು, ಲೈಟು, ಗೀಸರ್ ಎಲ್ಲ ಆನ್ ಮಾಡಿಡಬೇಕು, ಯಾಕೆಂದರೆ ಕರೆಂಟ್ ಹರಿಯದ ವೈರ್ ಅದಕ್ಕೆ ಸಿಗದೇ ಹೋಗಬಹುದು. ಸ್ಕ್ಯಾನ್ ಮುಗಿದ ಮೇಲೆ, ಕೊರೆಯುವ ಮುಂಚೆ, ಮೇನ್ ಆಫ್ ಮಾಡಬೇಕು. ಕೋರ್ ಕಟಿಂಗ್ ಮಿಷನ್ ನೀರು ಸುರಿಯುತ್ತಾ ಓಡುತ್ತದೆ. ನೀರಿನಲ್ಲಿ ಕೈಯಿಟ್ಟು ನಿಂತಿರುವ ಮನುಷ್ಯ ಅಲ್ಲಿದ್ದಾನೆ. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ ಎನ್ನುವುದು ಮೇನ್ ಆಫ್ ಮಾಡದಿರಲು ಕಾರಣ ಆಗಬಾರದು.

ಕತ್ತರಿಸಲೇಬಾರದ ಕೇಬಲ್

ನಮ್ಮ ಮನೆಯಲ್ಲಿ ತುಂಡಾದದ್ದು 8 ಎಂಎಂನ ಎರಡು ಕಂಬಿ. ಕಾಂಕ್ರೀಟ್ ಒತ್ತಿದರೆ ಗಟ್ಟಿ, ಎಳೆದರೆ ಬೇಗ ಬಿರುಕು ಬಿಡುತ್ತದೆ. ಆ ಎಳೆತವನ್ನು ಹೊರುವುದಕ್ಕೇ ಕಂಬಿ ಇರುವುದು. ಆದರೂ ಎರಡು ಕಂಬಿ ಹೋದರೆ ಮನೆ ಬೀಳುವುದಿಲ್ಲ, ಅಕ್ಕಪಕ್ಕದವು ಆ ಭಾರವನ್ನು ಹಂಚಿಕೊಳ್ಳುತ್ತವೆ. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ನಂತರ ಬಂದು ನೋಡಿ ಹಾಗೆಯೇ ಹೇಳಿದರು. ಬೀಮಿನ ಕಂಬಿಯಾಗಿದ್ದರೆ ಅವರ ಮುಖ ಬೇರೆ ಇರುತ್ತಿತ್ತು.

ಬೆಂಗಳೂರಿನ ಟೆಕ್ ಪಾರ್ಕ್, ಮಾಲ್‌ಗಳ ಕಥೆ ಬೇರೆಯೇ. ಅಲ್ಲಿ ಹಲವು ಕಡೆ ಇರುವುದು ಪೋಸ್ಟ್ ಟೆನ್ಷನ್ ಸ್ಲ್ಯಾಬ್, ಸೈಟಿನ ಮಾತಿನಲ್ಲಿ ಪಿಟಿ ಸ್ಲ್ಯಾಬ್. ಕಂಬಗಳ ನಡುವೆ ಎಂಟೊಂಬತ್ತು ಮೀಟರ್ ಅಂತರ ಇಟ್ಟರೂ ಕೆಳಗೆ ತೊಲೆ ಬೇಡ. ಇದು ಸಾಧ್ಯವಾಗುವುದು ಒಳಗೆ ಎಳೆದು ಬಿಗಿದ ಉಕ್ಕಿನ ಕೇಬಲ್‌ಗಳಿಂದ. ಏಳು ತಂತಿ ಹೊಸೆದ 12.7 ಮಿಲಿಮೀಟರಿನ ಒಂದು ಎಳೆ, ಹೆಚ್ಚುಕಡಿಮೆ ಕಿರುಬೆರಳಿನ ದಪ್ಪ. ಅದನ್ನು ಜ್ಯಾಕ್ ಹಾಕಿ ಎಳೆಯುವುದು ಸುಮಾರು 14 ಟನ್ ಬಲದಿಂದ. ಜನ ತುಂಬಿದ ಸಿಟಿ ಬಸ್ಸನ್ನು ಒಂದು ಬೆರಳಿಗೆ ನೇತುಹಾಕಿದ ಹಾಗೆ. ಕಟ್ಟಡ ನಿಂತಿರುವಷ್ಟು ಕಾಲವೂ ಆ ಬಿಗಿ ಹಾಗೆಯೇ ಇರಬೇಕು.

ಅಂಥದ್ದರ ಮೇಲೆ ಡೈಮಂಡ್ ಬಿಟ್ ಇಳಿದರೆ? ಕಾಂಕ್ರೀಟ್ ಕೊರೆದ ಹಾಗೇ ಉಕ್ಕನ್ನೂ ಅದು ಕೊರೆದು ಬಿಡುತ್ತದೆ. ಮಿಷನ್ ಸ್ವಲ್ಪ ನಿಧಾನವಾಗುತ್ತದೆ, ಕೆಸರು ನೀರಿನಲ್ಲಿ ಲೋಹದ ಪುಡಿ ಕಾಣುತ್ತದೆ. ಅಷ್ಟು ಹೊತ್ತಿಗೆ ಕೆಲವು ತಂತಿ ಹೋಗಿರುತ್ತವೆ. ನಮ್ಮಲ್ಲಿ ಜಾಸ್ತಿ ಬಳಕೆಯಲ್ಲಿರುವುದು ಕೊಳವೆಯೊಳಗೆ ಗಾರೆ ತುಂಬಿ ಕೇಬಲನ್ನು ಹಿಡಿದಿಡುವ ಪದ್ಧತಿ. ಅದರಲ್ಲಿ ಕೇಬಲ್ ತುಂಡಾದರೆ ನಷ್ಟ ಆ ಜಾಗದ ಸುತ್ತಮುತ್ತ ನಿಲ್ಲುತ್ತದೆ. ಅಮೆರಿಕದಲ್ಲಿ ಹೆಚ್ಚಾಗಿರುವುದು ಗ್ರೀಸ್ ಸವರಿ ಪ್ಲಾಸ್ಟಿಕ್ ಹೊದಿಸಿದ ಕೇಬಲ್. ಅದು ತುಂಡಾದರೆ ಆ ಉದ್ದಕ್ಕೆಲ್ಲ ಬಿಗಿ ಹೋಗುತ್ತದೆ. ಕೇಬಲ್ ಸ್ಲ್ಯಾಬನ್ನು ಸೀಳಿಕೊಂಡು ಮೇಲೇಳಬಹುದು, ಕಟ್ಟಡದ ಅಂಚಿನಿಂದ ಹೊರಕ್ಕೆ ಚಿಮ್ಮಬಹುದು.

ಕಂಬಿಗಳ ನಡುವೆ ಪಿಟಿ ಕೇಬಲನ್ನು ಗುರುತಿಸುವ ಬಗೆ ನನಗೆ ಈ ಇಡೀ ವಿಷಯದಲ್ಲೇ ತುಂಬ ಇಷ್ಟವಾದದ್ದು. ಸಾಮಾನ್ಯ ಕಂಬಿ ಸ್ಲ್ಯಾಬಿನ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಆಳದಲ್ಲಿರುತ್ತದೆ. ಪಿಟಿ ಕೇಬಲ್ ಹಾಗಲ್ಲ. ಎರಡು ಗೂಟಕ್ಕೆ ಕಟ್ಟಿದ ಬಟ್ಟೆ ಒಣಗಿಸುವ ಹಗ್ಗದಂತೆ, ಕಂಬದ ಹತ್ತಿರ ಮೇಲೆ, ನಡುವೆ ಕೆಳಗೆ. ಕೇಬಲಿಗೆ ಅಡ್ಡಲಾಗಿ ಒಂದು ಸಾಲು ತಳ್ಳಿ ಕಮಾನಿನ ಆಳ ಬರೆದುಕೊಳ್ಳಿ. ಒಂದು ಮೀಟರ್ ಮುಂದೆ ಹೋಗಿ ಇನ್ನೊಂದು ಸಾಲು ತಳ್ಳಿ, ಇನ್ನೊಂದು ಮೀಟರ್ ಮುಂದೆ ಮತ್ತೊಂದು. ಎಲ್ಲ ಕಮಾನುಗಳೂ ಇದ್ದಲ್ಲೇ ಇದ್ದು ಒಂದು ಮಾತ್ರ ಆಳಕ್ಕಿಳಿಯುತ್ತಾ ಹೋದರೆ ಅದು ಕೇಬಲ್. ತೂತಿನ ಸುತ್ತ ಎರಡಡಿ ಮಾತ್ರ ಸ್ಕ್ಯಾನ್ ಮಾಡಿದರೆ ಈ ಇಳಿತ ಗೊತ್ತಾಗದೇ ಹೋಗಬಹುದು. ಹಾಗಾಗಿ ಇಂಥ ಕಟ್ಟಡದಲ್ಲಿ ಕಂಬದಿಂದ ಕಂಬಕ್ಕೆ ಹಿಂಬಾಲಿಸಿ ಹೋಗಬೇಕು. ಪಿಟಿ ಡ್ರಾಯಿಂಗ್ ಇದ್ದರೆ ಜೊತೆಗಿಟ್ಟುಕೊಳ್ಳಬೇಕು. ಡ್ರಾಯಿಂಗನ್ನು ನಂಬಿ ಸ್ಕ್ಯಾನ್ ಬಿಡುವುದೂ ಬೇಡ, ಸ್ಕ್ಯಾನ್ ನಂಬಿ ಡ್ರಾಯಿಂಗ್ ಬಿಡುವುದೂ ಬೇಡ.

ರಾಡಾರಿನಲ್ಲಿ ಬಿಡಿಸಲಾಗದ ಒಗಟು ಬಂದರೆ ಎಕ್ಸ್-ರೇ ಅಥವಾ ಗಾಮಾ ಕಿರಣದ ಫೋಟೋ ತೆಗೆಯುವ ದಾರಿ ಇದೆ. ಆದರೆ ಸ್ಲ್ಯಾಬಿನ ಮೇಲೂ ಕೆಳಗೂ ಜಾಗ ಬೇಕು, ಜನರನ್ನು ಖಾಲಿ ಮಾಡಿಸಬೇಕು, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಇರುವವರೇ ಮಾಡಬೇಕು. ಜಿಪಿಆರ್‌ಗೆ ಇದು ಯಾವುದೂ ಬೇಡ. ಅದು ಹೊರಸೂಸುವ ಶಕ್ತಿ ಮೊಬೈಲ್ ಫೋನಿಗಿಂತ ತುಂಬ ಕಡಿಮೆ. ಪಕ್ಕದಲ್ಲೇ ಜನ ಕೂತು ಕೆಲಸ ಮಾಡುತ್ತಿರಬಹುದು. ಮೇಲಿನ ಮಹಡಿಯಲ್ಲಿ ಬಾಡಿಗೆಯವರಿದ್ದು ಅಲ್ಲಿಗೆ ಹೋಗಲು ಆಗದಿದ್ದರೆ ಕೆಳಗಿನಿಂದ, ಸೀಲಿಂಗಿಗೆ ಒತ್ತಿ ಹಿಡಿದೂ ಸ್ಕ್ಯಾನ್ ಮಾಡಬಹುದು.

ನಿಮ್ಮ ಮನೆಗೋ ಆಫೀಸಿಗೋ ಸ್ಕ್ಯಾನ್ ಮಾಡುವವರನ್ನು ಕರೆಸಿದರೆ ಮೂರು ವಿಷಯ ಕೇಳಿ. ಆಳದ ಅಂಕಿಯನ್ನು ಯಾವುದಕ್ಕೆ ಹೋಲಿಸಿ ಸರಿಮಾಡಿಕೊಂಡಿರಿ? ಎರಡೂ ದಿಕ್ಕಿನಲ್ಲಿ ತಳ್ಳಿದಿರಾ? ಈ ಜಾಗದಲ್ಲಿ ನಿಮಗೆ ಕಾಣದೇ ಇರುವುದು ಏನಿರಬಹುದು? ಮೂರನೆಯದಕ್ಕೆ ಒಬ್ಬರು ಆಪರೇಟರ್ ನನಗೆ ಕೊಟ್ಟ ಉತ್ತರ ಇನ್ನೂ ನೆನಪಿದೆ. "ಮೇಲಿನ ಕಂಬಿ ಗ್ಯಾರಂಟಿ, ಕೆಳಗಿನದು ಇಲ್ಲಿ ಇಲ್ಲಿ ಮಾತ್ರ ಗ್ಯಾರಂಟಿ, ಈ ಮೂಲೆ ನನಗೆ ಗೊತ್ತಾಗುತ್ತಿಲ್ಲ, ಇಲ್ಲಿ ಕೊರೀಬೇಡಿ" ಎಂದು ನೆಲದ ಮೇಲೆ ಆ ಮೂಲೆಗೆ ಗೆರೆ ಗೆರೆ ಎಳೆದು ತೋರಿಸಿದರು. ಅವರ ನಂಬರ್ ಉಳಿಸಿಕೊಂಡಿದ್ದೇನೆ.

ಮನೆ ಕಟ್ಟಿಸುತ್ತಿರುವವರಿಗೆ ಇದೆಲ್ಲಕ್ಕಿಂತ ಒಳ್ಳೆಯ ಸ್ಕ್ಯಾನ್ ಪುಕ್ಕಟೆ ಸಿಗುತ್ತದೆ, ಒಂದೇ ಒಂದು ದಿನ ಮಾತ್ರ. ಕಂಬಿ ಕಟ್ಟಿ ಆಗಿದೆ, ಪೈಪ್ ಎಳೆದು ಆಗಿದೆ, ಕಾಂಕ್ರೀಟ್ ಇನ್ನೂ ಬಿದ್ದಿಲ್ಲ. ಆ ಸಂಜೆ ಸೆಂಟ್ರಿಂಗ್ ಮೇಲೆ ಹತ್ತಿ. ಗೋಡೆಯ ಅಂಚಿನಿಂದ ಟೇಪ್ ಬಿಚ್ಚಿ ಕಂಬಿಗಳ ಮೇಲೆ ಚಾಚಿಡಿ. ಟೇಪಿನ ಅಂಕಿ ಓದಲು ಬರುವಷ್ಟು ಹತ್ತಿರದಿಂದ ಒಂದೊಂದು ಕೋಣೆಯ ಫೋಟೋ ತೆಗೆಯಿರಿ. ಮುಂದೆ ಎಲ್ಲಿ ಟಾಯ್ಲೆಟ್ ಬರಬಹುದು, ಎಲ್ಲಿ ಏಸಿ ಪೈಪ್ ಇಳಿಯಬಹುದು ಅನಿಸುವ ಕಡೆ ಇನ್ನೂ ನಾಲ್ಕು ಜಾಸ್ತಿ ತೆಗೆಯಿರಿ. ಕಳೆದ ತಿಂಗಳು ತಮ್ಮನ ಮನೆಯ ಮೋಲ್ಡ್ ಆಯಿತು. ಹಿಂದಿನ ಸಂಜೆ ನಾನು ಅರವತ್ತು ಫೋಟೋ ತೆಗೆದೆ. ಅವನು ಅದನ್ನೆಲ್ಲ ಪ್ರಿಂಟ್ ಹಾಕಿಸಿ, ಖಾತೆ ಪತ್ರ ಇಟ್ಟ ಫೈಲಿನಲ್ಲೇ ಇಟ್ಟಿದ್ದಾನೆ.